ತೆಂಗಿನ ತುದಿಯಲ್ಲಿ ಮೂವತ್ತೆಂಟು ನಿಮಿಷ

ನನ್ನ ತಮ್ಮ ಪೆಲ್ಸಿರೊ ತೆಂಗಿನ ಮರ ಹತ್ತೋದು ನೋಡಿದರೆ, ಅವನು ಹತ್ತುತ್ತಾನೋ ಮರಾನೇ ಕೆಳಗೆ ಇಳೀತಿದೆಯೋ ಅಂತ ಅನುಮಾನ ಬರುತ್ತೆ. ಅಷ್ಟು ಚುರುಕು. ನೆಲದ ಮೇಲೆ ಮಾತ್ರ ಶುದ್ಧ ಪೆದ್ದ. ಅಕ್ಕ ಆದವಳು ನಾನು ಹೇಳದೆ ಇನ್ಯಾರು ಹೇಳಬೇಕು?

ನಮ್ಮ ಪೊನ್‌ಪೇ ದ್ವೀಪದಲ್ಲಿ ಮೀಸೆ ಬಂದ ಗಂಡಸಿಗೆಲ್ಲ ಊರೊಡೆಯರು ಕೊಟ್ಟ ಒಂದು ಬಿರುದು ಇರುತ್ತೆ, ಹೆಂಡತಿಗೆ ಅದರ ಜೋಡಿ ಬಿರುದು. ಹಬ್ಬದ ಮನೆಯಲ್ಲಿ ಸಕಾವ್ ಅನ್ನೋ ಅಮಲಿನ ಬೇರು ಜಜ್ಜಿ ಹಿಂಡಿದ ಮೇಲೆ ಬಟ್ಟಲು ಬರೋದು ಆ ಬಿರುದಿನ ಕೂಗಿಗೇ. ಬಿರುದಿಲ್ಲದವನಿಗೆ ಕೂಗಿಲ್ಲ, ಕೂಗಿಲ್ಲದವನಿಗೆ ಬಟ್ಟಲಿಲ್ಲ. ಪೆಲ್ಸಿರೊ ಇಪ್ಪತ್ತಾರು ವರ್ಷ ಕಂಬಕ್ಕೆ ಒರಗಿಕೊಂಡು, ಬೇರೆಯವರು ಕುಡಿಯೋದು ನೋಡುತ್ತಾ ಉಗುಳು ನುಂಗಿದ.

ಆದದ್ದಿಷ್ಟು. ಇಪ್ಪತ್ತು ವರ್ಷಕ್ಕೆ ಅವನಿಗೆ ‘ಕಿರೌ’ ಅನ್ನೋ ಬಿರುದು ಬಂದಿತ್ತು. ಬಂದು ತಿಂಗಳಾಗಿರಲಿಲ್ಲ, ಒಂದು ಬೆಳಿಗ್ಗೆ ಎಳನೀರು ಕೀಳೋಕೆ ಮರ ಹತ್ತಿದ್ದಾನೆ. ಊರೊಡೆಯರಾದ ಸೊಲ್ಟಿಸ್ ತೋಟ ಸುತ್ತಿ ದಣಿದು ಬಂದವರು ಅದೇ ಮರದ ಬುಡದಲ್ಲಿ ಮಲಗಿಬಿಟ್ಟರು. ಒಡೆಯರ ತಲೆಗಿಂತ ಮೇಲೆ ಊರಿನ ಯಾರ ತಲೆಯೂ ಇರಬಾರದು, ಇನ್ನು ಕಾಲಿನ ಮಾತಂತೂ ಕೇಳಲೇಬೇಡಿ. ಇಳಿಯೋಣ ಅಂದರೆ ಅವರನ್ನು ದಾಟಬೇಕು. ಕೂಗೋಣ ಅಂದರೆ ಅವರ ನಿದ್ದೆ ಕೆಡುತ್ತೆ. ಈ ಪುಣ್ಯಾತ್ಮ ಸಂಜೆತನಕ ಗರಿಗಳ ನಡುವೆ ಉಸಿರು ಬಿಗಿಹಿಡಿದು ಕೂತ. ಸಂಜೆ ಸೀನಿದ. ಒಂದು ಎಳನೀರು ಒಡೆಯರ ಕಿವಿ ಪಕ್ಕದಲ್ಲೇ ಧೊಪ್ಪಂತ ಬಿತ್ತು. ಬಿರುದು ಅಲ್ಲಿಗೆ ಮುಗೀತು.

ಮಾರನೇ ದಿನ ಅಪ್ಪ ಒಂದು ಹಂದಿ, ಒಂದು ಸಕಾವ್ ಗಿಡ ಹೊತ್ತುಕೊಂಡು ಹೋಗಿ ತಪ್ಪೊಪ್ಪಿಕೊಂಡ. ಒಡೆಯರು ಸಕಾವ್ ಕುಡಿದರು, ಕ್ಷಮಿಸಿದರು, ಹಂದೀನೂ ತಿಂದರು. ಬಿರುದು ವಾಪಸ್ ಕೊಡೋದು ಮಾತ್ರ ಮರೆತರು. ಅದನ್ನು ಅವರಿಗೆ ನೆನಪು ಮಾಡೋ ಹಾಗಿಲ್ಲ. ನೆನಪು ಮಾಡಿದರೆ ಒಡೆಯರು ಮರೆತರು ಅಂದ ಹಾಗಾಯ್ತು, ಒಡೆಯರು ಮರೆಯೋದಿಲ್ಲ. ಊರಿಗೆ ಊರೇ ಗೊತ್ತಿದ್ದೂ ಬಾಯಿ ಹೊಲಿದುಕೊಂಡು ಕೂತಿತು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟೋರು ಯಾರು?

ಹೀಗಿರುವಾಗ ಮೈಕ್ರೊನೇಷ್ಯಾ ದ್ವೀಪಗಳ ಕ್ರೀಡಾಕೂಟ ನಮ್ಮಲ್ಲಿಗೆ ಬಂತು. ಓಟ, ಈಜು, ಕುಸ್ತಿ ಎಲ್ಲ ಇತ್ತು, ತೆಂಗಿನ ಮರ ಹತ್ತೋದೂ ಇತ್ತು. ನಲವತ್ತಾರು ವರ್ಷದ ನನ್ನ ತಮ್ಮ ಹೋಗಿ ಹೆಸರು ಕೊಟ್ಟು ಬಂದ.

“ಮೊಣಕಾಲು ನೋವು ಅಂತ ಎಣ್ಣೆ ತಿಕ್ಕಿಸಿಕೊಳ್ಳೋನಿಗೆ ಇದೆಲ್ಲ ಯಾಕೋ?” ಅಂದೆ.

“ಅಕ್ಕ, ಮೊದಲ ಫಲ ಯಾವತ್ತೂ ಒಡೆಯರಿಗೇ ಸೇರಬೇಕು ತಾನೇ? ಪದಕ ಗೆದ್ದರೆ ಅವರ ಮುಂದೆ ಇಡ್ತೀನಿ. ಆಗ ಅವರೇ ಕೇಳ್ತಾರೆ, ‘ನಿನ್ನ ಬಿರುದೇನಪ್ಪಾ’ ಅಂತ. ನಾನು ಸುಮ್ಮನೆ ನಿಂತ್ಕೋತೀನಿ. ಅವರಿಗೇ ನೆನಪಾಗುತ್ತೆ.”

“ವರ್ಷಾ ವರ್ಷಾ ಗೆಣಸು ಹೊತ್ತುಕೊಂಡು ಹೋಗ್ತೀಯಲ್ಲ, ಆಗ ಕೇಳಿದ್ರಾ?”

“ಗೆಣಸು ಎಲ್ಲರೂ ಕೊಡ್ತಾರಕ್ಕ.”

ಇಪ್ಪತ್ತಾರು ವರ್ಷ ಇದನ್ನೇ ಯೋಚಿಸಿದ್ದಾನೆ, ಪಾಪ.

ಪಂದ್ಯದ ದಿನ ಮರದ ನೆತ್ತಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅದನ್ನು ಮುಟ್ಟಿ ಇಳಿದು ನೆಲಕ್ಕೆ ಕಾಲಿಟ್ಟರೆ ಗಡಿಯಾರ ನಿಲ್ಲುತ್ತೆ. ಯಾಪ್ ದ್ವೀಪದವನು ಹದಿನಾಲ್ಕು ಸೆಕೆಂಡಿಗೆ ಮುಗಿಸಿದ. ನನ್ನ ತಮ್ಮ ಮನೆ ಹಿತ್ತಲಲ್ಲಿ ಹನ್ನೊಂದಕ್ಕೆ ಮುಗಿಸುತ್ತಿದ್ದವನು. ಕೊನೆಯ ಸರದಿ ಅವನದು, ಪದಕ ಕೈಗೆ ಬಂದ ಹಾಗೇ ಅಂದುಕೊಂಡೆ.

ಸರಿಯಾಗಿ ಆ ಹೊತ್ತಿಗೇ, ನಮ್ಮೂರಿನವನು ಹತ್ತುತ್ತಾನಂತೆ ಅಂತ ಒಡೆಯರ ಸವಾರಿ ಬಂತು. ಎಪ್ಪತ್ತೊಂದು ವರ್ಷದ ತಲೆಯ ಮೇಲೆ ಹೂವಿನ ಸುತ್ತು. ಮರದ ಬುಡಕ್ಕೇ ಕುರ್ಚಿ ಹಾಕಿಸಿ ಕೂತರು. ನನ್ನ ತಮ್ಮ ನೆಲದ ಮೇಲೆ ಕುಕ್ಕರಿಸಿದ.

ತೀರ್ಪುಗಾರ ಮಾರ್ಷಲ್ ದ್ವೀಪದ ಲಾಂಗ್ರಿನ್. ಸೀಟಿ ಊದಿದ, ಮತ್ತೆ ಊದಿದ.

“ಹತ್ತಪ್ಪಾ!”

“ಆಗಲ್ಲ ಸಾರ್. ಒಡೆಯರು ಕೆಳಗಿದ್ದಾರೆ.”

“ಕೆಳಗಿರದೆ ಮತ್ತೇನು, ಮರದ ಮೇಲೆ ಇರ್ತಾರಾ?”

ಹೌದಲ್ಲ ಅನ್ನಿಸಿತು ನನಗೆ. ನನ್ನ ಗಂಡ ಕಸಿಯಾನೊ ಕರೆಂಟ್ ಕಂಬ ರಿಪೇರಿ ಮಾಡೋ ಲಾರಿ ಓಡಿಸುತ್ತಾನೆ. ಮೈಕಿನ ತಂತಿ ಎಳೆಯೋಕೆ ಅಲ್ಲೇ ನಿಲ್ಲಿಸಿದ್ದ. ಅದರ ಕಬ್ಬಿಣದ ತೋಳಿನ ತುದಿಗೆ ಆಳು ನಿಲ್ಲೋ ತೊಟ್ಟಿ. ನಾನು ಒಡೆಯರ ಮುಂದೆ ಬಗ್ಗಿ, “ಮೇಲಿಂದ ಇನ್ನೂ ಚೆನ್ನಾಗಿ ಕಾಣುತ್ತೆ, ಒಡೆಯ” ಅಂದೆ. ಹಿಗ್ಗಿ ಹೀರೇಕಾಯಿ ಆದರು. ಕುರ್ಚಿ ಸಮೇತ ತೊಟ್ಟಿಗೆ ಏರಿಸಿ ಮರದ ನೆತ್ತಿಗಿಂತ ಒಂದು ಮೊಳ ಮೇಲಕ್ಕೆತ್ತಿದೆವು. ಜನ ಚಪ್ಪಾಳೆ ತಟ್ಟಿದರು.

ಸೀಟಿ ಊದಿದ್ದೇ ತಡ, ಪೆಲ್ಸಿರೊ ಸರಸರ ಹತ್ತಿ ಐದೇ ಸೆಕೆಂಡಿಗೆ ಬಟ್ಟೆ ಮುಟ್ಟಿದ. ಅಷ್ಟರಲ್ಲಿ ಲಾರಿಯ ತೋಳು ಕಿರ್‍ರ್ ಅಂದು ಒಂದು ಕಡೆ ವಾಲಿ ನಿಂತುಬಿಟ್ಟಿತು. ಒಡೆಯರು ಕಣ್ಣು ಮುಚ್ಚಿ, ಕೈ ಚಾಚಿ, ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ನನ್ನ ತಮ್ಮನ ಜುಟ್ಟು.

“ಅಯ್ಯಯ್ಯೋ! ಬಿಟ್ಟು ಹೋಗಬೇಡ್ವೋ!”

“ಇಳಿಯಪ್ಪಾ, ಗಡಿಯಾರ ಓಡ್ತಿದೆ!” ಅಂತ ಲಾಂಗ್ರಿನ್ ಕುಣಿದ.

“ಅಪ್ಪಣೆ ಆಗಿಲ್ಲ ಸಾರ್!”

ಕಸಿಯಾನೊ ಲಾರಿಗೆ ಒದ್ದ, ಬೈದ, ಕೈಮುಗಿದ. ಅದು ಜಪ್ಪಯ್ಯ ಅನ್ನಲಿಲ್ಲ. ಮೈದಾನವೆಲ್ಲ ಗಪ್‌ಚಿಪ್ ಆಗಿ ಕತ್ತೆತ್ತಿ ನಿಂತಿತು, ಮೇಲಿನ ಮಾತು ಒಂದೊಂದೂ ಕೇಳಿಸುತ್ತಿತ್ತು.

“ಭಯ ಆಗಲ್ವೇನೋ ನಿಂಗೆ?”

“ಅಭ್ಯಾಸ ಇದೆ, ಒಡೆಯ. ಒಂದ್ಸಲ ಬೆಳಿಗ್ಗೆಯಿಂದ ಸಂಜೆತನಕ ಕೂತಿದ್ದೆ.”

“ಯಾಕೆ?”

“ಕೆಳಗೆ ನೀವು ಮಲಗಿದ್ರಿ.”

ಒಡೆಯರು ಕಣ್ಣು ತೆರೆದು, “ನಿನ್ನ ಬಿರುದೇನೋ?” ಅಂದರು.

ಇಪ್ಪತ್ತಾರು ವರ್ಷ ಕಾದ ಮಾತು! ನನ್ನ ತಮ್ಮ ತುಟಿ ಬಿಚ್ಚಲಿಲ್ಲ. ಒಡೆಯರು ಮತ್ತೆ ಕೇಳಿದರು. ಅವನು ಮರ ತಬ್ಬಿಕೊಂಡು ಸುಮ್ಮನೇ ಇದ್ದ. ಒಡೆಯರ ಮುಖ ನೋಡಿದೆ, ನೆನಪಿನ ಸುಳಿವೂ ಇಲ್ಲ. ನನ್ನ ಪಿತ್ತ ನೆತ್ತಿಗೇರಿತು.

“ಮರೆತ್ರಿ ನೀವು!” ಅಂತ ಕಿರುಚಿದೆ. “ಹಂದಿ ತಿಂದ್ರಿ, ಬಿರುದು ಕೊಡೋದು ಮರೆತ್ರಿ!”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕಸಿಯಾನೊ ತಲೆ ಮೇಲೆ ಕೈ ಹೊತ್ತು ಲಾರಿಯ ಅಡಿಗೆ ತೂರಿಕೊಂಡ.

ಲಾರಿ ಸರಿಹೋಗಿ ಅವರಿಬ್ಬರೂ ಇಳಿಯೋ ಹೊತ್ತಿಗೆ ಮೂವತ್ತೆಂಟು ನಿಮಿಷ ಆಗಿತ್ತು. ಲಾಂಗ್ರಿನ್ ಅದನ್ನು ಹಾಗೇ ಬರೆದುಕೊಂಡ. ಯಾಪ್‌ನವನಿಗೆ ಚಿನ್ನ, ನನ್ನ ತಮ್ಮ ಎಲ್ಲರಿಗಿಂತ ಕೊನೆ. ಒಡೆಯರು ನೆಲ ಮುಟ್ಟಿ, ಹೂವು ಸರಿಮಾಡಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಎರಡು ಅಪ್ಪಣೆ ಕೊಟ್ಟರು. ಪೆಲ್ಸಿರೊ ಇವತ್ತಿನಿಂದ ಮತ್ತೆ ಕಿರೌ. ಲಾರಿಯವನಿಗೂ ಅವನ ಹೆಂಡತಿಗೂ ಇವತ್ತಿನಿಂದ ಬಿರುದಿಲ್ಲ.

ಸಂಜೆ ಹಬ್ಬದ ಮನೆಯಲ್ಲಿ ನಾನೂ ಕಸಿಯಾನೊನೂ ಆ ಹಳೇ ಕಂಬಕ್ಕೆ ಒರಗಿಕೊಂಡು ಕೂತೆವು, ಅಭ್ಯಾಸಬಲದಿಂದ ಪೆಲ್ಸಿರೊನೂ ಪಕ್ಕದಲ್ಲೇ ಕೂತ. ಒಡೆಯರ ಬಟ್ಟಲಾಯ್ತು, ಹಿರಿಯರದ್ದಾಯ್ತು. ಆಮೇಲೆ “ಕಿರೌ!” ಅಂತ ಕೂಗು ಬಿತ್ತು. ನನ್ನ ತಮ್ಮ ಅದ್ಯಾರಪ್ಪಾ ಅಂತ ಹಿಂದಕ್ಕೂ ಮುಂದಕ್ಕೂ ನೋಡಿದ.

“ನೀನೇ ಕಣೋ, ಮುಂಡೇದೇ!” ಅಂತ ಪಕ್ಕೆಗೆ ತಿವಿದೆ.

ಬಟ್ಟಲು ತಗೊಂಡ. ಕಣ್ಣು ಮುಚ್ಚಿ ಅರ್ಧ ಕುಡಿದು, ಉಳಿದದ್ದನ್ನು ನನ್ನ ಮುಂದೆ ಹಿಡಿದ.

“ಇನ್ನು ನಮಗೆ ಇಪ್ಪತ್ತಾರು ವರ್ಷ,” ಅಂತ ಕಸಿಯಾನೊ ಗೊಣಗಿದ. “ಆಗ ಒಡೆಯರಿಗೆ ತೊಂಬತ್ತೇಳು. ಯಾರು ನೆನಪು ಮಾಡ್ತಾರೆ?”

“ನಾನು ಮಾಡ್ತೀನಿ ಭಾವ,” ಅಂದ ನನ್ನ ತಮ್ಮ. “ನಾಳೆ ಬೆಳಿಗ್ಗೇನೇ ಹೋಗಿ ಹೇಳ್ತೀನಿ.”

“ಥೂ ಪೆದ್ದ, ಬಾಯಿ ಮುಚ್ಚು!” ಅಂದೆ. ಅವನ ಕೈಯಿಂದ ಬಟ್ಟಲು ಕಿತ್ತುಕೊಂಡು ಗಟಗಟ ಕುಡಿದೆ.