ಅಮ್ಮಿಯ ಓಲೆ, ಆಪಾಳ ಉಂಗುರ

ಆಗ ಭದ್ರಾವತಿಯ ನಮ್ಮ ನ್ಯೂ ಟೌನಿನಲ್ಲಿ ಯಾರ ಮನೆಯ ಬಂಗಾರವೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ನಿನ್ನೆ ಕಿವಿಯಲ್ಲಿದ್ದದ್ದು ಇವತ್ತು ಯಾಕಿಲ್ಲ ಎಂಬುದು ನಲ್ಲಿಯ ಹತ್ತಿರವೇ ಚರ್ಚೆಯಾಗುತ್ತಿತ್ತು. ಅಮ್ಮಿಗೆ ಇದ್ದ ಬಂಗಾರವೆಂದರೆ ಅವಳ ತಾಯಿ ಕೊಟ್ಟ ಒಂದು ಜೊತೆ ಓಲೆ. ನಡುವೆ ಕೆಂಪು ಹರಳು, ಅಕ್ಕಪಕ್ಕ ಹಸಿರು. ನಾನು ಅವಳ ಮಡಿಲಲ್ಲಿ ಮಲಗಿ ಆ ಓಲೆಯನ್ನು ಬೆರಳಲ್ಲಿ ತಿರುಗಿಸುತ್ತ ನಿದ್ದೆಹೋಗುತ್ತಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ, ರಂಜಾನ್ ಕಳೆದ ಮೇಲೆ, ನನ್ನ ಅಕ್ಕ ಸಲ್ಮಾ ಆಪಾಗೆ ಶಿವಮೊಗ್ಗದ ಸಂಬಂಧ ಕೂಡಿಬಂತು. ಹಿಂದಿನದೊಂದು ಮಾತುಕತೆಯಲ್ಲೇ ಮುರಿದಿತ್ತು. ಇದೂ ತಪ್ಪಿದರೆ ಹುಡುಗಿಯಲ್ಲೇ ಏನೋ ಐಬಿದೆ ಎನ್ನುತ್ತಾರೆಂದು ಅಮ್ಮಿ ನಮಾಜಿನ ಚಾಪೆ ಬಿಟ್ಟು ಏಳುತ್ತಲೇ ಇರಲಿಲ್ಲ. ಮಂಗ್ನಿಯ ದಿನ, ಅಂದರೆ ನಿಶ್ಚಿತಾರ್ಥದಲ್ಲಿ, ಹುಡುಗನಿಗೆ ಬಂಗಾರದ ಹರಳಿನ ಉಂಗುರ ತೊಡಿಸಬೇಕೆಂದು ಹಟ ಹಿಡಿದಳು.

"ಗಂಡಸರು ಬಂಗಾರ ಹಾಕೋದು ನಮ್ಮ ಧರ್ಮದಲ್ಲಿ ಇಲ್ವಲ್ಲೇ," ಎಂದರು ಅಬ್ಬು.

"ಗೊತ್ತು ಜೀ. ಎಲ್ಲರ ಮನೇಲೂ ಹಾಕ್ತಾರಲ್ಲ? ಬೆಳ್ಳಿ ಕೊಟ್ರೆ ಬರಿಗೈಯವರು ಅಂತಾರೆ."

ಓಲೆ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿದಳು. ತೂತು ಮುಚ್ಚಿಹೋಗದಿರಲೆಂದು ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು.

ಹುಡುಗನ ಬೆರಳಿನ ಅಳತೆ ಕೇಳಲು ಸಂಕೋಚ. ಅಬ್ಬು ಲಾರಿ ಮೆಕ್ಯಾನಿಕ್. ಸಲಾಂ ಹೇಳಿ ಕೈಕುಲುಕಿದಾಗಲೇ ಅಂದಾಜು ಹಿಡಿದು, ಅಷ್ಟೇ ಅಗಲದ ಒಂದು ನಟ್ಟನ್ನು ಗ್ಯಾರೇಜಿನಿಂದ ಆರಿಸಿ ತಂದಿದ್ದರು. ಗಾಂಧಿ ಬಜಾರಿನ ಅಕ್ಕಸಾಲಿಗ ಅದನ್ನು ನೋಡಿ ನಕ್ಕ.

"ಏನ್ ಮಾರಾಯ, ಉಂಗುರ ಅಳಿಯನಿಗೋ ಲಾರಿಗೋ?"

"ಅಳಿಯನ ಬೆರಳೇ ಹಂಗಿದೆ, ಏನ್ ಮಾಡ್ಲಿ!"

ಆತ ಓಲೆಯಿಂದ ಹರಳು ಕೀಳುವಾಗ ಅಮ್ಮಿ ಗೋಡೆಯ ಕಡೆ ತಿರುಗಿದಳು. ಇದ್ದಿಲಿನ ವಾಸನೆಯ ನಡುವೆ ಬಂಗಾರ ಕರಗಿ ಒಂದು ಹನಿಯಾಯಿತು.

"ಓಲೆ ಎಲ್ಲಿ ಹೋಯ್ತು ಅಮ್ಮಿ?" ಎಂದೆ ನಾನು.

"ಅದ್ರಲ್ಲೇ ಇದೆ. ಸುಮ್ನಿರು."

ಮಂಗ್ನಿಯ ದಿನ ಮನೆಯೆಲ್ಲ ಏಲಕ್ಕಿ ಹಾಕಿದ ಖೀರಿನ ಘಮ. ಹೆಂಗಸರೆಲ್ಲ ಪರದೆಯ ಈಚೆ. ಸಂದಿಯಿಂದ ನಾನು ನೋಡುತ್ತಿದ್ದೆ. ಅಬ್ಬು ಉಂಗುರ ಹಿಡಿದು ಬಾಗಿದರು. ಹುಡುಗ ಕೈ ಮುಷ್ಟಿ ಮಾಡಿಕೊಂಡ.

"ಮಾಫ್ ಮಾಡಿ. ನಾನು ಬಂಗಾರ ಹಾಕಲ್ಲ."

ಅವರ ಕಡೆಯ ಯಾರೋ, "ಇಷ್ಟೂ ಗೊತ್ತಿಲ್ವಾ ಇವರಿಗೆ?" ಎಂದರು. ಅಬ್ಬುವಿನ ಕೈ ಚಾಚಿದಲ್ಲೇ ಉಳಿಯಿತು. ಅಮ್ಮಿಯ ಉಗುರು ನನ್ನ ಭುಜಕ್ಕೆ ನಾಟಿತು. ತುಟಿಯಲ್ಲಿ ದುವಾ, ಕಣ್ಣು ಆಪಾಳ ಮೇಲೆ. ಆಪಾ ತಲೆ ಎತ್ತಲಿಲ್ಲ.

ಹುಡುಗನ ದಾದಿ, ಅವನ ಅಪ್ಪನ ತಾಯಿ, ನಮ್ಮ ಪಕ್ಕದಲ್ಲೇ ಕೂತಿದ್ದರು. ಮುದುಕಿ ಅಮ್ಮಿಯ ಮುಖ ನೋಡಿದರು, ಕಿವಿಯ ಬೇವಿನ ಕಡ್ಡಿ ನೋಡಿದರು. ಆಮೇಲೆ ಪರದೆಯಾಚೆ ಕೈ ಚಾಚಿ, "ಕೊಡಿ ಇಲ್ಲಿ," ಎಂದು ಉಂಗುರ ಇಸಿದುಕೊಂಡು ಆಪಾಳ ಬೆರಳಿಗೆ ಹಾಕಿಬಿಟ್ಟರು. ನಟ್ಟಿನ ಅಳತೆಯ ಉಂಗುರ ಗರಗರ ತಿರುಗಿತು.

"ಜಾರುತ್ತಾ? ಮುಷ್ಟಿ ಹಿಡ್ಕೊ ಮಾರಾಯ್ತಿ. ಸಂಸಾರಕ್ಕೆ ಬಂದ್ರೆ ಹೆಂಗೂ ಅಭ್ಯಾಸ ಆಗುತ್ತೆ!"

ಎಲ್ಲರೂ ನಕ್ಕರು. ಅಮ್ಮಿ ನಗಲಿಲ್ಲ. ಒಳಗೆ ಹೋಗಿ ನೆಲಕ್ಕೆ ಹಣೆಯಿಟ್ಟು ಸಜ್ದಾ ಮಾಡಿದಳು.

ಸಂಬಂಧ ಉಳಿಯಿತು. ಆಪಾ ಸುಖವಾಗಿದ್ದಾಳೆ, ಅಲ್ಲಾಹನ ದಯೆ. ಉಂಗುರಕ್ಕೆ ಸುತ್ತಿದ ದಾರ ಸವೆದಾಗಲೆಲ್ಲ ಹೊಸದು ಸುತ್ತಿಕೊಳ್ಳುತ್ತಾಳೆ. ಅಮ್ಮಿಯ ಕಿವಿಗೆ ಮಾತ್ರ ಮತ್ತೆ ಓಲೆ ಬರಲಿಲ್ಲ. ಅಬ್ಬು ಪ್ರತಿ ಈದಿಗೂ "ಈ ಸಲ ಮಾಡ್ಸೋಣ" ಎನ್ನುತ್ತಿದ್ದರು. "ಕಿವಿ ಕೊಟ್ಟಿರೋದು ಅಜಾನ್ ಕೇಳೋಕೆ, ಬಿಡಿ ಜೀ," ಎನ್ನುತ್ತಿದ್ದಳು ಅವಳು. ಆದರೂ ಬೇವಿನ ಕಡ್ಡಿ ಬದಲಾಯಿಸುವುದನ್ನು ಮರೆಯುತ್ತಿರಲಿಲ್ಲ.

ಹೋದ ವರ್ಷ ಅಮ್ಮಿ ತೀರಿಕೊಂಡಳು. ಹೆಚ್ಚು ನರಳಲಿಲ್ಲ, ಅದೂ ಒಂದು ದಯೆಯೇ. ಕೊನೆಯ ಸ್ನಾನಕ್ಕೆ ಮುಂಚೆ ಆ ಕಡ್ಡಿಗಳನ್ನು ತೆಗೆದವಳು ನಾನು. ಒಂದನ್ನು ಇಟ್ಟುಕೊಂಡಿದ್ದೇನೆ. ಮಲಗುವಾಗ ಬೆರಳಲ್ಲಿ ತಿರುಗಿಸುತ್ತೇನೆ. ನಿದ್ದೆ ಬರುವುದಿಲ್ಲ.