ರತ್ನಮ್ಮನವರಿಗೆ ನಿಧಾನ ಮಾಡಿಕೊಟ್ಟ ಆಟ

ಮೊನ್ನೆ ಸಾರಕ್ಕಿ ಮಾರ್ಕೆಟ್ಟಿನ ಪಕ್ಕದ ಟೈಲರ್ ಅಂಗಡಿಗೆ ಒಂದು ಹಳೆಯ ಬ್ಲೌಸ್ ಹಿಡಿದುಕೊಂಡು ಹೋಗಿದ್ದೆ. ಬ್ಲೌಸ್ ಚಿಕ್ಕದಾಗಿದೆ ಎನ್ನುವುದು ನನ್ನ ವಾದ. ನಾನು ದಪ್ಪಗಾಗಿದ್ದೇನೆ ಎಂಬುದನ್ನು ಟೈಲರ್ ಬಾಯಿಬಿಟ್ಟು ಹೇಳುವುದಿಲ್ಲ, ಟೇಪು ಹಿಡಿದು ಸುಮ್ಮನೆ ನಗುತ್ತಾನೆ. ಆಗಷ್ಟೇ ಮಶೀನಿಗೆ ಎಣ್ಣೆ ಬಿಟ್ಟಿದ್ದ, ಅಂಗಡಿ ತುಂಬ ಅದೇ ವಾಸನೆ. ಬ್ಲೌಸನ್ನು ಒಳಮಗ್ಗುಲು ತಿರುಗಿಸಿ ಬಲತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದ. "ಮೇಡಂ, ಇದು ಯಾರೋ ಕಲಿಯೋರು ಹೊಲ್ದಿರೋದು. ಎಲ್ಲಾ ಸೊಟ್ಟ ಹೋಗಿದೆ. ಬಿಚ್ಚಿ ನೀಟಾಗಿ ಹಾಕ್ಬಿಡ್ಲಾ?" ಎಂದ.

ಹೂಂ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಅದು ಕಲಿಯುವವರ ಕೈಯಲ್ಲ, ಮೂವತ್ತು ವರ್ಷ ಹೊಲಿದ ಕೈ. ಅದು ಯಾಕೆ ಸೊಟ್ಟ ಹೋಯಿತೆಂದು ಹೇಳಬೇಕಾದರೆ ನಾನು ಕಂಪ್ಯೂಟರ್ ಆಟದಿಂದ ಶುರುಮಾಡಬೇಕು. ಎತ್ತಣ ಮಾಮರ ಎತ್ತಣ ಕೋಗಿಲೆ ಎನ್ನಬೇಡಿ, ಸ್ವಲ್ಪ ಜೊತೆಗೆ ಬನ್ನಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಗದಗಿನ ಕಡೆಯಿಂದ ಬಂದ ನಾನು ಬಿಟಿಎಂನ ಸಣ್ಣ ಆಫೀಸೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಜರಗನಹಳ್ಳಿಯಲ್ಲಿ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಆಫೀಸಿನವರು ಬಿಸಾಕಿದ ಭಾಗಗಳನ್ನು ಕೂಡಿಸಿ ನನ್ನದೇ ಒಂದು ಕಂಪ್ಯೂಟರ್ ಕಟ್ಟಿಕೊಂಡೆ. ಕಂಪ್ಯೂಟರ್ ನಡೆಸುವ ತಂತ್ರಾಂಶಕ್ಕೆ ಊರೆಲ್ಲ ಹಾಕಿಕೊಳ್ಳುತ್ತಿದ್ದ ಕದ್ದ ಸಿಡಿ ನನಗೆ ಬೇಡವಾಗಿತ್ತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಎಂಬ ತಂತ್ರಾಂಶ ಹಾಕಿದೆ. ಆಫೀಸಿನ ಹುಡುಗರಿಗೆ ಅದೊಂದು ತಮಾಷೆಯಾಯಿತು. ಗೇಮೇ ಇಲ್ಲದ್ದು ಅದೂ ಒಂದು ಕಂಪ್ಯೂಟರಾ ಎಂದು ಕ್ಯಾಂಟೀನಿನಲ್ಲಿ ದಿನಾ ಕೇಳುವರು.

ಇದ್ದವು ಸ್ವಾಮಿ, ಬೇಕಾದಷ್ಟು ಇದ್ದವು. ಮಂಜಿನ ಇಳಿಜಾರಿನಲ್ಲಿ ಹೊಟ್ಟೆಯ ಮೇಲೆ ಜಾರುವ ಪೆಂಗ್ವಿನ್ ಇತ್ತು. ಚಿತ್ರವೇ ಇಲ್ಲದೆ ಬರೀ ಅಕ್ಷರಗಳಲ್ಲೇ ನೆಲಮಾಳಿಗೆ, ರಾಕ್ಷಸ, ನಿಧಿ ಎಲ್ಲವನ್ನೂ ತೋರಿಸುವ ಆಟವಿತ್ತು. ಒಂದು ಆಟವನ್ನು ನಡೆಯುವಂತೆ ಮಾಡಲು ಭಾನುವಾರವಿಡೀ ಹೋಗಿ, ಆಡಲು ಹತ್ತು ನಿಮಿಷ ಉಳಿಯುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಸೌಂಡ್ ಅಂತೂ ಕೊನೆಯವರೆಗೂ ಬರಲಿಲ್ಲ. ಆ ಹುಡುಗರ ಮುಂದೆ ಮಾತ್ರ ಇದನ್ನು ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಯಾಕೆಂದರೆ ಅವರ ಆಟಗಳಲ್ಲಿ ಇಲ್ಲದ್ದೊಂದು ನನ್ನವುಗಳಲ್ಲಿತ್ತು. ಆಟದ ಜೊತೆಗೆ ಅದನ್ನು ಹೆಣೆದ ಬರಹವೂ, ಅಂದರೆ ಕೋಡ್, ಸಿಗುತ್ತಿತ್ತು. ಸಾರಿನ ಪುಡಿಯ ಪೊಟ್ಟಣದೊಳಗೆ ಅದರ ಅಳತೆಯನ್ನೂ ಬರೆದಿಟ್ಟಂತೆ. ಓದಿ, ತಿದ್ದಿ, ನಮಗೆ ಬೇಕಾದಂತೆ ಮತ್ತೆ ಕಟ್ಟಿಕೊಳ್ಳಬಹುದಿತ್ತು. ನಾನು ಎಡವಿದ್ದೂ ಅಲ್ಲೇ.

ಕೆಳಗೆ ಮನೆಯ ಓನರ್ ರತ್ನಮ್ಮ ಇದ್ದರು. ಹಗಲು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ, ಸಂಜೆ ಜೆಪಿ ನಗರದ ಹೆಂಗಸರಿಗೆ ಬ್ಲೌಸ್ ಹೊಲಿದು, ಎರಡಂತಸ್ತಿನ ಮನೆ ಎಬ್ಬಿಸಿದವರು. ನಡುಮನೆಯ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಹೊಲಿಗೆ ಮಶೀನು. ನಾನು ಬಂದ ವರ್ಷವೇ ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಗ ಸೊಸೆ ಮಶೀನಿನ ತಲೆಯನ್ನು ಒಳಕ್ಕೆ ಮಡಚಿ ಮೇಲೆ ಟಿವಿ ಇಟ್ಟಿದ್ದರು. ಕೆಟ್ಟವರಲ್ಲ ಅವರು, ಇನ್ನಾದರೂ ಅಮ್ಮ ಆರಾಮಾಗಿ ಕೂರಲಿ ಎಂದುಕೊಂಡವರು. ರತ್ನಮ್ಮ ಟಿವಿಯ ಎದುರು ಕೂತು ಟಿವಿಯ ಕೆಳಗೆ ನೋಡುತ್ತಿದ್ದರು. ಮತ್ತೆ ಆ ಮಶೀನಿಗೆ ಕೂರಬೇಕು, ಅದೊಂದೇ ಅವರಿಗಿದ್ದ ಹಟ.

ಮೆಟ್ಟಿಲು ಹತ್ತಿ ಇಳಿಯಲು ಡಾಕ್ಟರು ಹೇಳಿದ್ದರು. ಒಂದು ಭಾನುವಾರ ಕಂಬಿ ಹಿಡಿದು ಮೇಲೆ ಬಂದು ನನ್ನ ಮಂಚದ ಮೇಲೆ ಕೂತರು. ನಾನು ಆಡುತ್ತಿದ್ದದ್ದು, ಮೇಲಿಂದ ಬೀಳುವ ತುಂಡುಗಳನ್ನು ತಿರುಗಿಸಿ ಕೆಳಗೆ ಸಾಲು ತುಂಬಿಸುವ ಆಟ. ಎರಡು ನಿಮಿಷ ನೋಡಿದವರೇ, "ತಿರುಗ್ಸು ಅದನ್ನ. ಆ ಮೂಲೇಲಿ ಕೂರುತ್ತೆ" ಎಂದರು. ಕೂತಿತು. ಮುಂದಿನದೂ ಕೂತಿತು. ಮುಕ್ಕಾಲು ಮೀಟರ್ ಬಟ್ಟೆಯಲ್ಲಿ ತೋಳು, ಬೆನ್ನು, ಪಟ್ಟಿ ಎಲ್ಲ ಹೊಂದಿಸಿದ ಕಣ್ಣದು, ನನ್ನದಕ್ಕಿಂತ ಚುರುಕು. ಆದರೆ ತಾವೇ ಆಡುತ್ತೇನೆಂದು ಎಡಗೈಯಿಂದ ಬಲಗೈಯನ್ನು ಎತ್ತಿ ಕೀಬೋರ್ಡಿನ ಮೇಲಿಟ್ಟಾಗ, ಬೆರಳು ಒತ್ತುವಷ್ಟರಲ್ಲಿ ತುಂಡು ಬಿದ್ದು ಹೋಗಿರುತ್ತಿತ್ತು.

ಆ ವಾರವೇ ಆಟದ ಬರಹ ತೆರೆದೆ. ತುಂಡು ಒಂದೊಂದು ಹೆಜ್ಜೆ ಇಳಿಯುವ ಮುಂಚೆ ಕಾಯುವ ಹೊತ್ತು ಅದರಲ್ಲಿ ಐನೂರು ಎಂಬ ಒಂದು ಸಂಖ್ಯೆಯಾಗಿ ಕೂತಿತ್ತು. ಅದನ್ನು ಸಾವಿರ ಮಾಡಿದೆ, ತುಂಡುಗಳು ಅರ್ಧ ವೇಗದಲ್ಲಿ ಇಳಿಯತೊಡಗಿದವು. ಮೊದಲಿನದನ್ನು ನನಗಿಟ್ಟುಕೊಂಡು ಈ ಎರಡನೆಯದನ್ನು ಅವರಿಗೆಂದು ಬೇರೆ ಮಾಡಿದೆ, ಹೇಳಲಿಲ್ಲ. ರತ್ನಮ್ಮ ಗೆಲ್ಲತೊಡಗಿದರು. ಕೈ ಬರ್ತಾ ಇದೆ ಎಂದು ಕೆಳಗೆ ಸೊಸೆಗೂ ಹೇಳಿದರು. ನಾನು ಪುಣ್ಯ ಕಟ್ಟಿಕೊಂಡವಳ ಗತ್ತಿನಲ್ಲಿ ಓಡಾಡಿದೆ.

ಒಂದು ಸಂಜೆ ನಾನು ನನ್ನದನ್ನು ಆಡುತ್ತಿದ್ದಾಗ ಬಾಗಿಲಲ್ಲಿ ಅವರು ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ. ತುಂಡುಗಳು ಪಟಪಟ ಬೀಳುತ್ತಿದ್ದವು.

"ನಿಂಗೊಂದು, ನಂಗೊಂದಾ?" ಎಂದರು.

"ನಿಮ್ಮ ಕೈಗೆ ತ್ರಾಸ ಆಗಬಾರದಂತ ಮಾಡಿದ್ನಿರಿ ಆಂಟಿ" ಎಂದೆ.

ಅವರು ದನಿ ಏರಿಸಲಿಲ್ಲ. "ನಮ್ಮಮ್ಮನ ಊರಲ್ಲಿ ಹೋಟ್ಲು ಹೊರಗಡೆ ನಮಗೆ ಅಂತ ಬೇರೆ ಲೋಟ ತಗಲಾಕಿರೋರು. ಅವರೂ ಪಾಪ ಅಂತಾನೇ ಟೀ ಕೊಡ್ತಿದ್ರು ಕಣಮ್ಮ."

ನಮ್ಮೂರ ಮನೆಯ ಹಿತ್ತಲ ಗೂಡಿನಲ್ಲೂ ಒಂದು ಲೋಟ ಇತ್ತು. ಅದು ಯಾರದೆಂದು ನಾನು ಎಂದೂ ಕೇಳಿರಲಿಲ್ಲ. ಎಲ್ಲರಿಗೂ ಒಂದೇ, ಎಲ್ಲರಿಗೂ ತೆರೆದದ್ದು ಎಂದು ಲಿನಕ್ಸಿನ ಪರವಾಗಿ ಕ್ಯಾಂಟೀನಿನಲ್ಲಿ ಜಗಳ ಆಡುತ್ತಿದ್ದವಳು ನಾನೇ.

ಎಲ್ಲಿ ಬದಲಾಯಿಸಿದೆ ತೋರಿಸು ಎಂದರು. ತೋರಿಸಿದೆ. ಇಂಗ್ಲಿಷಿನ ಸಾಲುಗಳ ನಡುವೆ ಆ ಸಾವಿರವನ್ನು ಅವರೇ ಗುರುತಿಸಿದರು. ಬಲಗೈಯ ಬೆರಳಿನಿಂದಲೇ ಅಳಿಸಿದರು. ಮೊದಲು ಎಷ್ಟಿತ್ತೆಂದು ಕೇಳಿ ಒತ್ತಿದರು, ಐದು, ಸೊನ್ನೆ, ಸೊನ್ನೆ. ನಾನು ನೆರವಿಗೆ ಕೈ ಚಾಚಿದರೆ ಎಡಗೈಯಿಂದ ತಳ್ಳಿದರು. ಆಟವನ್ನು ಮತ್ತೆ ಕಟ್ಟಿಕೊಟ್ಟೆ. ಅರ್ಧ ನಿಮಿಷದಲ್ಲಿ ಸೋತರು.

"ಇನ್ನೊಂದ್ಸಲ ಹಾಕು" ಎಂದರು.

ಆಟದಿಂದ ಕೈ ಬಂತು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಹೇಳಿದ ವ್ಯಾಯಾಮ ಇತ್ತು, ಎಣ್ಣೆ ತಿಕ್ಕುವುದಿತ್ತು. ಆದರೆ ಆರು ತಿಂಗಳು ಸಂಜೆ ಸಂಜೆ ಮೇಲೆ ಬಂದು ಸೋತು ಹೋಗುತ್ತಿದ್ದರು. ಅಷ್ಟು ಜಂಬದಿಂದ ಸೋಲುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆಮೇಲೊಂದು ಬೆಳಗ್ಗೆ ನನ್ನನ್ನು ಕೆಳಗೆ ಕರೆದು, ಟಿವಿ ಇಳಿಸಲು ಮಗನ ಜೊತೆ ಕೈಜೋಡಿಸು ಎಂದರು. ಮಗ ಅಳುಕಿದ, ನಿನ್ನ ಕೈಲಿ ಆಗಲ್ಲ ಬಿಡಮ್ಮ ಎಂದ.

"ಆಗುತ್ತೋ ಇಲ್ವೋ ನಾನು ನೋಡ್ಕೋತೀನಿ. ನೀನು ಟಿವಿ ಇಳ್ಸು" ಎಂದರು.

ಮಶೀನಿಗೆ ಎಣ್ಣೆ ಬಿದ್ದಿತು. ಮೊದಲು ಹೊಲಿದದ್ದು ನನ್ನ ಬ್ಲೌಸ್, ಒಂದು ವಾರ ಹಿಡಿಯಿತು. ಕೈಗಿಡುವಾಗ, "ತೋಳು ಸೊಟ್ಟ ಆಗಿದೆ. ಬೇಕಿದ್ರೆ ಹಾಕ್ಕೊ" ಎಂದರು. ಮರುದಿನವೇ ಆಫೀಸಿಗೆ ಹಾಕಿಕೊಂಡು ಹೋದೆ. ಬಸ್ಸಿನಲ್ಲಿ ಸೀಟು ಇದ್ದರೂ ನಿಂತೇ ಹೋದೆ, ಬಲಗೈಯಿಂದ ಮೇಲಿನ ಕಂಬಿ ಹಿಡಿದು.

ಈ ಕತೆಯನ್ನು ಆಮೇಲೆ ಎಷ್ಟೋ ಕಡೆ ಹೇಳಿದ್ದೇನೆ. ಕಾಯಿಲೆಯವರಿಗಾಗಿ ಆಟವನ್ನೇ ತಿದ್ದಿದೆ, ನಿಮ್ಮ ಕಂಪ್ಯೂಟರಿನಲ್ಲಿ ಇದು ಸಾಧ್ಯವೇ ಎಂದು ಸವಾಲು ಹಾಕಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಲೋಟದ ಮಾತನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ. ಈ ಬ್ಲೌಸನ್ನೂ ಆಮೇಲೆ ಟ್ರಂಕಿನ ತಳಕ್ಕೆ ಸೇರಿಸಿಬಿಟ್ಟಿದ್ದೆ. ತಿದ್ದಿದ್ದು ನನ್ನ ಗೆಲುವಾಗಿರಲಿಲ್ಲ. ತಿದ್ದಿದ್ದನ್ನು ಅಳಿಸಿದ್ದು ರತ್ನಮ್ಮನ ಗೆಲುವು, ಅದನ್ನು ಇಷ್ಟು ವರ್ಷ ನಾನು ನನ್ನ ಹೆಸರಿಗೆ ಹಾಕಿಕೊಂಡಿದ್ದೆ.

ಟೈಲರ್ ಕತ್ತರಿ ಹಿಡಿದು ಕಾಯುತ್ತಿದ್ದ. ಪಕ್ಕದ ಹೊಲಿಗೆ ಬಿಡಿಸಿ ಸಡಿಲ ಮಾಡಿ, ತೋಳನ್ನು ಮುಟ್ಟಬೇಡಿ ಎಂದೆ.

"ಹಾಕ್ಕೊಂಡಾಗ ಸೊಟ್ಟ ಎದ್ದು ಕಾಣುತ್ತಲ್ಲ ಮೇಡಂ" ಎಂದ.

"ಕಾಣಲಿ ಬಿಡ್ರಿ" ಎಂದೆ.