ಮುಚ್ಚಳ ಬದಲಾದ ನಾಲ್ಕು ತಟ್ಟೆಗಳು

ಹತ್ತೊಂಬತ್ತು ವರ್ಷ ಮೀನು ಸಾಕಿದವಳ ಕೈಯಲ್ಲಿ ಮನೆಯ ಒಂದು ಹೂಗಿಡವೂ ಉಳಿಯುವುದಿಲ್ಲ ಎಂದು ಗಂಡ ಆಡಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಮೀನಕ್ಕನ ಜೀವವೆಲ್ಲ ಇದ್ದದ್ದು ಪ್ರಯೋಗಾಲಯದ ಬೆಚ್ಚನೆಯ ಕೋಣೆಯಲ್ಲಿ, ಕಿರುಬೆರಳುದ್ದವೂ ಇಲ್ಲದ ಪಟ್ಟೆಮೀನುಗಳ ನಡುವೆ. ಯಾವುದು ಮೇವು ಬಿಟ್ಟಿದೆ, ಯಾವುದು ನಾಳೆ ಮೊಟ್ಟೆ ಇಡುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳುವವಳು. ಒಂದೇ ದುರ್ಗುಣ, ಕೊಳೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ.

ಅಂದು ಬೆಳಗ್ಗೆ ಆಗಿದ್ದೂ ಅದೇ. ಸಂಶೋಧನೆಯ ಹುಡುಗಿ ಹಿಂದಿನ ದಿನ ಮೊಟ್ಟೆಗಳಿಗೆ ಸೂಜಿಮದ್ದು ಚುಚ್ಚಿ ನಾಲ್ಕು ತಟ್ಟೆಗಳಲ್ಲಿ ಇಟ್ಟಿದ್ದಳು. ಸತ್ತ ಮೊಟ್ಟೆಗಳಿಂದ ನೀರು ಮಬ್ಬಾಗಿತ್ತು. ಮೀನಕ್ಕ ನಾಲ್ಕೂ ಮುಚ್ಚಳ ತೆಗೆದಿಟ್ಟು, ಸತ್ತವನ್ನು ಆರಿಸಿ, ಹೊಸ ನೀರು ಹಾಕಿ, ಮುಚ್ಚಳ ಒರೆಸಿ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ತಟ್ಟೆಗೆ ಮುಚ್ಚಿದಳು. ಆಮೇಲೆ ನೋಡುತ್ತಾಳೆ, ಗುರುತು ಬರೆದಿದ್ದದ್ದು ಮುಚ್ಚಳದ ಮೇಲೆ ಮಾತ್ರ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೂರು ತಿಂಗಳು ಸೋತು ಸೋತು ಆ ಹುಡುಗಿಗೆ ಈ ಸಲ ಸೂಜಿ ಚುಚ್ಚುವುದು ಕೈ ಹತ್ತಿತ್ತು. ಸೋಮವಾರ ಗುರುಗಳ ಮುಂದೆ ಫಲಿತಾಂಶ ಇಡಬೇಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹುಡುಗಿ ಒಳಗೆ ಕಾಲಿಡುತ್ತಿದ್ದಂತೆ ಮೀನಕ್ಕ ಎಲ್ಲ ಹೇಳಿಬಿಟ್ಟಳು.

"ಉಪಕಾರ ಮಾಡೋಕೆ ಹೋಗಿ ನಿನ್ನ ಕೆಲಸಾನೇ ಹಾಳು ಮಾಡ್ಬಿಟ್ಟೆ ಕಣಮ್ಮಾ."

ಹುಡುಗಿಯ ಮುಖ ಬಿಳಿಚಿತು. ಕುರ್ಚಿ ಎಳೆದುಕೊಂಡು ಕೂತಳು. ಥಟ್ಟನೆ ತಲೆಯೆತ್ತಿದಳು. "ಅಕ್ಕಾ, ಇಲ್ಲಿ ಬನ್ನಿ. ಮೊಟ್ಟೆ ಒಳಗೆ ತಾಯಿ ಮೊದಲೇ ಚೀಟಿ ಬರೆದಿಟ್ಟಿರ್ತಾಳೆ, ಹೀಗ್ಮಾಡು ಹಾಗ್ಮಾಡು ಅಂತ. ಕೆಲವು ಗಂಟೆ ಮರಿ ಹಾಗೇ ನಡೆಯುತ್ತೆ. ಆಮೇಲೆ ತನ್ನ ಚೀಟಿ ತಾನೇ ಬರೆಯುತ್ತೆ. ಆಗ ಮೈಕ್ರೋಆರ್‌ಎನ್‌ಎ ಅನ್ನೋ ಸಣ್ಣ ಚೂರುಗಳು ಹಳೇ ಚೀಟಿಗೆ ಅಂಟ್ಕೊಂಡು ಹರಿದುಹಾಕ್ತವೆ. ಎರಡು ತಟ್ಟೇಲಿ ಮದ್ದು ಚುಚ್ಚಿ ಆ ಚೂರುಗಳ ಕೈ ಕಟ್ಟಿದ್ದೀನಿ, ಉಳಿದೆರಡಕ್ಕೆ ಹೋಲಿಸಿ ನೋಡೋಕೆ ಸಾದಾ ಮದ್ದು."

"ಅಂದ್ರೆ ಅಮ್ಮನ ಮಾತೇ ಕೇಳ್ಕೊಂಡು ಕೂತಿರ್ತಾವಾ?"

"ಹೂಂ. ತಲೆ ಸರಿಯಾಗಿ ಬೆಳೆಯಲ್ಲ."

"ನಮ್ಮನೆಯವರ ಥರಾನೇ ಬಿಡು," ಎಂದಳು ಮೀನಕ್ಕ, ಕಣ್ಣೊರೆಸಿಕೊಳ್ಳುತ್ತ.

ಹುಡುಗಿ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. "ಹಿಂದೆ ಬಿದ್ದಿರೋ ತಟ್ಟೆ ಯಾವುದು ಅಂತ ನೀವೇ ಹೇಳಿ. ನಾನು ನೋಡಲ್ಲ."

ದಿನಾ ಮರಿ ನೋಡುವ ಕಣ್ಣು. ಎರಡು ತಟ್ಟೆಗಳಲ್ಲಿ ತಲೆಯ ಮಡಿಕೆ ಮೂಡಿ, ಬಾಲ ಪಟಪಟ ಆಡುತ್ತಿತ್ತು. ಉಳಿದೆರಡರಲ್ಲಿ ತಲೆ ನುಣ್ಣಗೆ, ಮೈ ಗಿಡ್ಡ. "ಇದು, ಇದು," ಎಂದು ಮೀನಕ್ಕ ಅವೆರಡನ್ನೂ ಪಕ್ಕಕ್ಕೆ ಸರಿಸಿದಳು.

ಕೈ ಕಟ್ಟುವ ಮದ್ದಿಗೆ ಮಾತ್ರ ಹುಡುಗಿ ಹೊಳೆಯುವ ಬಣ್ಣ ಬೆರೆಸಿದ್ದಳು. ಕೋಣೆ ಕತ್ತಲು ಮಾಡಿ, ಅದಕ್ಕೆಂದೇ ಇದ್ದ ದೀಪದಡಿ ನಾಲ್ಕೂ ತಟ್ಟೆ ಹಿಡಿದಳು. ಮೀನಕ್ಕ ಸರಿಸಿಟ್ಟ ಎರಡೂ ಕೆಂಪಗೆ ಹೊಳೆದವು. ಉಳಿದೆರಡು ಕಪ್ಪಗೇ ಇದ್ದವು. ಅಬ್ಬಾ! ಮೀನಕ್ಕನಿಗೆ ಹೋದ ಜೀವ ಬಂದಂತಾಯಿತು.

"ನಾನು ಆರಿಸಿದ್ರೆ, ಇವಳಿಗೆ ಮೊದಲೇ ಗೊತ್ತಿತ್ತು ಅಂತ ಗುರುಗಳು ನಂಬ್ತಿರಲಿಲ್ಲ," ಹುಡುಗಿ ನಗುತ್ತ ದಾಖಲೆ ಪುಸ್ತಕ ತೆರೆದಳು. "ಯಾವ ತಟ್ಟೆ ಯಾವುದು ಅಂತ ನಿಮಗೆ ಗೊತ್ತಿರಲಿಲ್ಲ ನೋಡಿ, ಅದಕ್ಕೇ ಇದು ಗಟ್ಟಿ." ಕೆಳಗೆ ಬರೆದಳು: ಗುರುತು ತಿಳಿಯದೆ ಆರಿಸಿದವರು. "ಇಲ್ಲಿ ಸಹಿ ಹಾಕಿ ಅಕ್ಕ."

ಹತ್ತೊಂಬತ್ತು ವರ್ಷದಲ್ಲಿ ಹಾಜರಿ ಪುಸ್ತಕ ಬಿಟ್ಟು ಆ ಕಟ್ಟಡದಲ್ಲಿ ಬೇರೆಲ್ಲೂ ಸಹಿ ಹಾಕದ ಮೀನಕ್ಕ ಕೈ ಚೆನ್ನಾಗಿ ಒರೆಸಿಕೊಂಡು, ತನ್ನ ಪೂರ್ತಿ ಹೆಸರು ಬರೆದಳು.